ಎಸಿ ಕೋರ್ಟೋ, ಸಿವಿಲ್ ಕೋರ್ಟೋ, ಹೈಕೋರ್ಟೋ? ಕೊಡಗಿನ ವ್ಯಾಜ್ಯಗಳಿಗೆ ಸರಿಯಾದ ಬಾಗಿಲು ಯಾವುದು

ಕೊಡಗಿನಲ್ಲಿ ಸರ್ಕಾರದ ಜೊತೆ ವ್ಯಾಜ್ಯ ಹುಟ್ಟುವುದು ಬಹುಪಾಲು ಒಂದು ಕಾಗದದಿಂದ. ಆರ್‌ಟಿಸಿಯಲ್ಲಿ (ಜಮೀನಿನ ಪಹಣಿಯಲ್ಲಿ) ಹೆಸರು ಬದಲಾಗಿರುತ್ತದೆ. ಬಾಣೆಯ (ಗದ್ದೆಗೆ ಹೊಂದಿದ ಮರಗಾಡಿನ ಜಾಗದ) ಅಂಚು ಪೈಸಾರಿಗೆ (ಸರ್ಕಾರಿ ಪಾಳು ಜಾಗಕ್ಕೆ) ಸೇರಿದ್ದು ಎಂದು ತೆರವಿನ ನೋಟಿಸ್ ಬಂದಿರುತ್ತದೆ. ಪೋಡಿಗೆ (ಜಮೀನು ಅಳೆದು ಬೇರೆ ಸರ್ವೆ ನಂಬರ್ ಮಾಡುವುದಕ್ಕೆ) ಕೊಟ್ಟ ಅರ್ಜಿ ಎರಡು ಮಳೆಗಾಲ ಕಳೆದರೂ ಅದೇ ಮೇಜಿನ ಮೇಲಿರುತ್ತದೆ. ಮೇಲಿನ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ (ಪಲ್ಪಿಂಗ್) ನೀರು ಊರಿನ ತೋಡಿಗೆ (ಹಳ್ಳಕ್ಕೆ) ಇಳಿದಿರುತ್ತದೆ. ಆಗ ಸಲಹೆ ಕೊಡುವವರಿಗೇನೂ ಬರವಿಲ್ಲ. ಒಬ್ಬರು ಬೆಂಗಳೂರಿಗೆ ಹೋಗಿ ಸ್ಟೇ ತನ್ನಿ ಅನ್ನುತ್ತಾರೆ, ಇನ್ನೊಬ್ಬರು ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು ಹಾಕಿ ಅನ್ನುತ್ತಾರೆ, ಮೂರನೆಯವರು ಲೋಕಾಯುಕ್ತಕ್ಕೆ ಬರೆದುಬಿಡಿ ಅನ್ನುತ್ತಾರೆ.

ಮೂವರ ಮಾತೂ ಬೇರೆ ಬೇರೆ ಸಂದರ್ಭಕ್ಕೆ ಸರಿಯೇ. ತೊಂದರೆ ಏನೆಂದರೆ, ಪ್ರತಿ ನ್ಯಾಯಪೀಠಕ್ಕೂ ಒಂದು ಬೇಲಿ ಇದೆ. ಬೇಲಿಯೊಳಗೆ ಅದರ ಮಾತು ಗಟ್ಟಿ, ಹೊರಗೆ ಅದಕ್ಕೆ ಬೆಲೆಯಿಲ್ಲ. ಕೇಸು ಗೆದ್ದೂ ಕೈಗೆ ಏನೂ ಬಾರದವರಲ್ಲಿ ಹೆಚ್ಚಿನವರು ಬಾಗಿಲು ತಪ್ಪಿದವರೇ.

ಮೊದಲು ಅಳತೆಗೋಲು

ಮೊದಲ ಪ್ರಶ್ನೆ: ಕೊನೆಗೆ ನಿಮ್ಮ ಕೈಗೆ ಬರಬೇಕಾದ ಆದೇಶ ಯಾವುದು? ‘ಈ ಜಾಗ ನನ್ನದು’ ಎಂಬ ಘೋಷಣೆಯೇ, ಅಧಿಕಾರಿಯ ಆದೇಶ ರದ್ದಾಗುವುದೇ, ‘ಇಷ್ಟು ದಿನದೊಳಗೆ ಕೆಲಸ ಮುಗಿಸಿ’ ಎಂಬ ನಿರ್ದೇಶನವೇ, ಹಣವೇ, ಲಂಚ ಕೇಳಿದವನ ಮೇಲೆ ಕ್ರಮವೇ? ಇದನ್ನು ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ಇನ್ನೂ ವಕೀಲರ ಬಳಿ ಹೋಗುವ ಹೊತ್ತಾಗಿಲ್ಲ.

ಎರಡನೆಯದು ಸಾಕ್ಷಿ. ಕಾಗದ ನೋಡಿದರೆ ಸಾಕೇ, ಇಲ್ಲ ಯಾರ ಮಾತು ನಿಜ ಎಂದು ಕಟಕಟೆ ಹತ್ತಿಸಿ ಕೇಳಬೇಕೇ? ಮೂರನೆಯದು ಗಡುವು. ನಾಲ್ಕನೆಯದು, ಈ ಬಾಗಿಲಿಗೆ ಬರುವ ಮುಂಚೆ ತಟ್ಟಲೇಬೇಕಾದ ಇನ್ನೊಂದು ಬಾಗಿಲನ್ನು ಕಾನೂನು ಹೇಳಿದೆಯೇ ಎಂಬುದು. ಐದನೆಯದು ಖರ್ಚು, ಓಡಾಟ. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಜಿಲ್ಲೆಗೆ ರೈಲಿಲ್ಲ. ಆರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಗೆದ್ದ ಮೇಲೆ ಜಾರಿ ಮಾಡುವವರು ಯಾರು?

ಕಂದಾಯದ ಮೆಟ್ಟಿಲು: ಹತ್ತಿರ, ಅಗ್ಗ, ಆದರೆ ಹಕ್ಕು ತೀರ್ಮಾನಿಸುವುದಿಲ್ಲ

ಜನ ‘ಎಸಿ ಕೋರ್ಟ್’ ಎಂದರೂ ಅಲ್ಲಿ ಕೂರುವವರು ಉಪವಿಭಾಗಾಧಿಕಾರಿ, ನ್ಯಾಯಾಧೀಶರಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964 ಅವರಿಗೆ ಮೇಲ್ಮನವಿ ಕೇಳುವ ಅಧಿಕಾರ ಕೊಟ್ಟಿದೆ. ಕೊಡಗಿಗೆ ಇರುವುದು ಒಂದೇ ಕಂದಾಯ ಉಪವಿಭಾಗ. ಹಾಗಾಗಿ ಪೊನ್ನಂಪೇಟೆಯವರೂ ಸೋಮವಾರಪೇಟೆಯವರೂ ಮಡಿಕೇರಿಗೇ ಬರಬೇಕು.

ಮ್ಯುಟೇಶನ್ (ಹಕ್ಕು ದಾಖಲೆಯಲ್ಲಿ ಹೆಸರು ಬದಲಿಸುವ) ಆದೇಶದ ಮೇಲೆ ಕಲಂ 136(2)ರ ಅಡಿ ಎಸಿಗೆ ಮೇಲ್ಮನವಿ. ಗಡುವು 60 ದಿನ, ಆದೇಶ ನಿಮಗೆ ತಲುಪಿದಂದಿನಿಂದ ಅಥವಾ ನಮೂದು ನಿಮ್ಮ ಗಮನಕ್ಕೆ ಬಂದಂದಿನಿಂದ. ಅಲ್ಲಿ ಸೋತರೆ 136(3)ರ ಅಡಿ ಜಿಲ್ಲಾಧಿಕಾರಿಗೆ ಪುನರ್‌ಪರಿಶೀಲನಾ ಅರ್ಜಿ. ಜಿಲ್ಲಾಧಿಕಾರಿಯೇ ಮೂಲ ಆದೇಶ ಮಾಡಿದ್ದರೆ ಮೇಲ್ಮನವಿ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ. ಗಡುವು ಮೀರಿದ್ದರೆ ಮೇಲ್ಮನವಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ ಮತ್ತು ಪ್ರಮಾಣಪತ್ರ ಹಾಕಬೇಕು, ಪ್ರತಿ ದಿನದ ತಡಕ್ಕೂ ಕಾರಣ ಇರಬೇಕು. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಗಡುವಿನಿಂದ ಕಳೆಯಬಹುದು. ಆದ್ದರಿಂದ ಆದೇಶವಾದ ದಿನವೇ ನಕಲಿಗೆ ಅರ್ಜಿ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಈ ಬಾಗಿಲಿನ ಲಾಭ ಕಣ್ಣಿಗೆ ಕಾಣುವಂಥದ್ದು. ಕಡತ ಅಲ್ಲೇ ಇರುತ್ತದೆ, ಸರ್ವೆಯರನ್ನು ಕರೆಸಬಹುದು, ಗ್ರಾಮ ಆಡಳಿತಾಧಿಕಾರಿಯ ವರದಿ ತರಿಸಬಹುದು. ಸರ್ವೆ ನಂಬರ್ ತಪ್ಪಾಗಿದೆ, ನೋಟಿಸ್ ಕೊಡದೆ ಖಾತೆ ಬದಲಾಯಿಸಿದ್ದಾರೆ, ಪೌತಿ ಖಾತೆಯಲ್ಲಿ (ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಿಸುವಾಗ) ಒಬ್ಬ ಮಗಳ ಹೆಸರು ಬಿಟ್ಟಿದ್ದಾರೆ, ವಾರಸಿನ ಬಗ್ಗೆ ಯಾರ ತಕರಾರೂ ಇಲ್ಲ ಎಂದಾದರೆ ಬೇರೆಡೆ ಹೋಗುವುದು ದುಡ್ಡು ದಂಡ.

ಬೇಲಿ ಎಲ್ಲಿದೆ ಎಂದರೆ ಹಕ್ಕಿನ ಪ್ರಶ್ನೆಯಲ್ಲಿ. ಆರ್‌ಟಿಸಿ ಇರುವುದು ಕಂದಾಯ ವಸೂಲಿಗೆ. ಅದರಲ್ಲಿರುವ ನಮೂದು ಸರಿ ಎಂದು ಕಲಂ 133 ಭಾವಿಸುತ್ತದೆ, ತಪ್ಪೆಂದು ಸಾಬೀತಾಗುವವರೆಗೆ ಮಾತ್ರ. ಮ್ಯುಟೇಶನ್ ಮಾಲೀಕತ್ವ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಉಯಿಲು ಅಸಲಿಯೇ, ಕ್ರಯಪತ್ರದ ಸಹಿ ಮೋಸದ್ದೇ, ಒಕ್ಕದ (ಕೊಡವ ಕೂಡುಕುಟುಂಬದ) ಆಸ್ತಿಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಎಸಿ ತೀರ್ಮಾನಿಸುವಂತಿಲ್ಲ. ಜಮ್ಮಾ ಜಾಗಗಳಲ್ಲಿ, ಅಂದರೆ ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿಗಳಲ್ಲಿ, ಇದು ಇನ್ನೂ ತೊಡಕು. ಎಷ್ಟೋ ಆರ್‌ಟಿಸಿಗಳಲ್ಲಿ ತೀರಿಕೊಂಡು ಎರಡು ತಲೆಮಾರಾದ ಪಟ್ಟೇದಾರರ (ಒಕ್ಕದ ಪರವಾಗಿ ದಾಖಲೆಯಲ್ಲಿದ್ದ ಹಿರಿಯರ) ಹೆಸರೇ ಇನ್ನೂ ಇದೆ. ಅನುಭವಿಸುವವರು ಬೇರೆ, ಪಟ್ಟೆ ಬೇರೆ. ಅಲ್ಲಿ ಒಂದು ಹೆಸರು ಸೇರಿಸಿ ಎಂಬ ಅರ್ಜಿಯೇ ತಿರುಗಿ ಹಕ್ಕಿನ ಜಗಳವಾಗಿಬಿಡುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಅನಾಹುತ ಹೀಗೆ: ತಹಸೀಲ್ದಾರರ ಮುಂದೆ ಆರ್‌ಆರ್‌ಟಿ (ಹಕ್ಕು ದಾಖಲೆ) ಕೇಸು, ಎಸಿ, ಡಿಸಿ ಎಂದು ಐದಾರು ವರ್ಷ ನಡೆದು, ಕೊನೆಗೆ ಹೈಕೋರ್ಟ್ ‘ಹಕ್ಕಿನ ಪ್ರಶ್ನೆ ಇದೆ, ಸಿವಿಲ್ ಕೋರ್ಟಿಗೆ ಹೋಗಿ’ ಎನ್ನುತ್ತದೆ. ಘೋಷಣೆಯ ದಾವೆಗೆ ಕಾಲಮಿತಿ ಅಧಿನಿಯಮದ 58ನೇ ಅನುಚ್ಛೇದ ಕೊಡುವುದು 3 ವರ್ಷ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಕಲಂ 14ರ ಅಡಿ ಬಿಡಿಸಿಕೊಳ್ಳಬಹುದು ನಿಜ. ಆದರೆ ಎದುರಾಳಿ ಸುಮ್ಮನಿರುವುದಿಲ್ಲ: ‘ಎಸಿಗೆ ಮ್ಯುಟೇಶನ್ ನೋಡುವ ಅಧಿಕಾರ ಇದ್ದೇ ಇತ್ತು, ಇವರು ತಪ್ಪು ಕೋರ್ಟಿನಲ್ಲಿ ಇರಲೇ ಇಲ್ಲ’ ಎಂದು ವಾದಿಸುತ್ತಾರೆ. ಆದ್ದರಿಂದ ಹಕ್ಕಿನ ವಾಸನೆ ಬಂದ ದಿನವೇ ದಾವೆಗೆ ತಯಾರಾಗಿ. ಮೇಲ್ಮನವಿ ಪಕ್ಕದಲ್ಲಿ ನಡೆಯಲಿ.

ಸಿವಿಲ್ ಕೋರ್ಟ್: ನಿಧಾನ, ಆದರೆ ಸಾಕ್ಷಿ ಕೇಳುವ ಜಾಗ

ಕಾನೂನು ಬೇರೆ ಕಡೆಗೆ ಒಪ್ಪಿಸದ ಎಲ್ಲ ಸಿವಿಲ್ ವಿವಾದವೂ ಸಿವಿಲ್ ಕೋರ್ಟಿನದ್ದು. ಸಾಕ್ಷಿಯನ್ನು ಕಟಕಟೆ ಹತ್ತಿಸಿ ಪಾಟೀ ಸವಾಲು ಮಾಡುವ, ಕಮಿಷನರನ್ನು ನೇಮಿಸಿ ಜಾಗ ಅಳೆಸುವ, ಕೈಬರಹದ ಪರಿಣತರನ್ನು ಕರೆಸುವ ಅವಕಾಶ ಇಲ್ಲಿದೆ. ಮಾಲೀಕತ್ವದ ಬಗ್ಗೆ ಕೊನೆಯ ಮಾತು ಹೇಳುವ ಮೊದಲ ಪೀಠ ಇದೇ.

ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಎರಡು ಗೇಟು ದಾಟಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ಎರಡು ತಿಂಗಳ ಮುಂಚಿತ ನೋಟಿಸ್. ಭೂಕಂದಾಯ ಅಧಿನಿಯಮದ ಕಲಂ 63ರಂತೆ, ಆ ಕಾನೂನಿನಡಿ ಮೇಲ್ಮನವಿ ಇದ್ದರೆ ಅದನ್ನು ಮೊದಲು ಮುಗಿಸಿರಬೇಕು. ಜೆಸಿಬಿ ನಾಳೆ ಬರುತ್ತದೆ ಎಂಬಂಥ ತುರ್ತಿದ್ದರೆ ಕಲಂ 80(2)ರಲ್ಲಿ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೇ ದಾವೆ ಹಾಕಬಹುದು. ಆದರೆ ಸರ್ಕಾರಕ್ಕೆ ಉತ್ತರಿಸುವ ಅವಕಾಶ ಕೊಡದೆ ಅಲ್ಲಿ ಮಧ್ಯಂತರ ಆದೇಶ ಸಿಗುವುದಿಲ್ಲ. ನೋಟಿಸಿನ ಎರಡು ತಿಂಗಳನ್ನು ಕಾಲಮಿತಿಯಿಂದ ಬಿಡುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ. ಇನ್ನೊಂದು ಮಾತು: ಮೇಲ್ಮನವಿಗೆ ವಿಳಂಬ ಮನ್ನಾ ಇದೆ, ದಾವೆಗೆ ಇಲ್ಲ. ಮೂರು ವರ್ಷ ಅಂದರೆ ಮೂರೇ ವರ್ಷ.

ದಾವೆಗಳು ಬೀಳುವುದು ಬಹಳ ಸಲ ಕೇಳಿಕೆಯಲ್ಲಿ. ಖರ್ಚು ಉಳಿಸಲು ಬರೀ ಇಂಜಂಕ್ಷನ್ (ತಡೆಯಾಜ್ಞೆ) ಕೇಳುತ್ತಾರೆ. ಎದುರಾಳಿ ಮಾಲೀಕತ್ವವನ್ನೇ ಗಂಭೀರವಾಗಿ ಪ್ರಶ್ನಿಸಿದ್ದರೆ ಬರೀ ಇಂಜಂಕ್ಷನ್ ದಾವೆ ನಿಲ್ಲುವುದಿಲ್ಲ, ಘೋಷಣೆಯನ್ನೂ ಕೇಳಬೇಕು. ಇದರ ಉಲ್ಟಾ ತಪ್ಪೂ ಇದೆ: ಸ್ವಾಧೀನ ಕಳೆದುಕೊಂಡವರು ಘೋಷಣೆ ಮಾತ್ರ ಕೇಳಿ ಸ್ವಾಧೀನ ಕೇಳುವುದನ್ನು ಮರೆತರೆ ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 34 ಅಡ್ಡ ಬರುತ್ತದೆ. ಮೂರನೆಯದು ಚಕ್ಕುಬಂದಿ. ದಾವೆಯ ಷೆಡ್ಯೂಲಿನಲ್ಲಿ ಬರೆದ ನಾಲ್ಕು ಗಡಿ ಸರ್ವೆ ನಕ್ಷೆಗೆ ಹೊಂದದಿದ್ದರೆ ಡಿಕ್ರಿ (ದಾವೆಯ ಅಂತಿಮ ಆದೇಶ) ಸಿಕ್ಕರೂ ಜಾರಿ ಮಾಡಲಾಗದು. ನಾಲ್ಕನೆಯದು ಒಕ್ಕದ ಆಸ್ತಿಯದ್ದು: ಪಾಲುದಾರರಲ್ಲಿ ಒಬ್ಬರನ್ನು ಬಿಟ್ಟರೂ ವಿಭಾಗದ ದಾವೆ ಅಲ್ಲೇ ಕುಂಟುತ್ತದೆ. ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳನ್ನು ಬಿಡುವುದು ಮಾಮೂಲು, ದಾವೆ ಬೀಳುವುದೂ ಮಾಮೂಲು.

ಗೆದ್ದ ಮೇಲೆ ಡಿಕ್ರಿಯ ನಕಲನ್ನು ತಹಸೀಲ್ದಾರರಿಗೆ ಕೊಡಿ. ಭೂಕಂದಾಯ ಅಧಿನಿಯಮದ ಕಲಂ 135ರ ಪರಂತುಕದ (ಅದರ ಕೊನೆಯಲ್ಲಿರುವ ವಿನಾಯಿತಿಯ) ಪ್ರಕಾರ ಹಕ್ಕು ದಾಖಲೆಯನ್ನು ಆ ಘೋಷಣೆಗೆ ತಕ್ಕಂತೆ ತಿದ್ದಲೇಬೇಕು. ಅಂದರೆ ಕೊನೆಗೆ ಕೆಲಸ ಮತ್ತೆ ಅದೇ ತಾಲ್ಲೂಕು ಕಚೇರಿಗೇ ಬರುತ್ತದೆ. ಆದರೆ ಈಗ ಅವರಿಗೆ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಅಣ್ಣತಮ್ಮಂದಿರ ಗಡಿ ಜಗಳ, ದಾರಿಯ ತಕರಾರು, ಸಾಲದ ಬಾಕಿ ಇಂಥವನ್ನು ಲೋಕ ಅದಾಲತ್‌ಗೆ ತರುವುದು ಜಾಣತನ. ರಾಜಿಯಾದರೆ ಅದು ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ. ಮೇಲ್ಮನವಿ ಇಲ್ಲ ಎಂಬುದೇ ಅದರ ಅಪಾಯವೂ ಹೌದು. ನಕ್ಷೆ ಹಚ್ಚದೆ, ಅಳತೆ ಬರೆಯದೆ ರಾಜಿಪತ್ರಕ್ಕೆ ಸಹಿ ಹಾಕಬೇಡಿ.

ಹೈಕೋರ್ಟಿನ ರಿಟ್: ಕೈ ಉದ್ದ, ಆದರೆ ಯಾವುದನ್ನು ಮುಟ್ಟುತ್ತದೆ?

ಸಂವಿಧಾನದ 226ನೇ ವಿಧಿಯಷ್ಟು ವಿಶಾಲ ಅಧಿಕಾರ ಸಾಮಾನ್ಯನ ಕೈಗೆಟಕುವ ಬೇರೆ ಯಾವ ಪೀಠಕ್ಕೂ ಇಲ್ಲ. ಮೂಲಭೂತ ಹಕ್ಕಿಗೆ ಮಾತ್ರವಲ್ಲ, ‘ಬೇರಾವುದೇ ಉದ್ದೇಶಕ್ಕೂ’ ರಿಟ್ (ಅಧಿಕಾರಿಗೆ ಕೊಡುವ ಆಜ್ಞೆ) ಹೊರಡಿಸಬಹುದು. ಕೊಡಗಿಗೆ ಪೀಠ ಬೆಂಗಳೂರಿನದ್ದೇ, ಧಾರವಾಡ ಕಲಬುರಗಿಗಳು ಉತ್ತರದ ಜಿಲ್ಲೆಗಳಿಗೆ.

ಆದರೂ ಈ ಉದ್ದ ಕೈ ತಾನಾಗಿಯೇ ತನ್ನನ್ನು ಹಿಂದಕ್ಕೆಳೆದುಕೊಳ್ಳುವ ಜಾಗಗಳಿವೆ, ಕೇಸು ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಒಂದು, ಬೇರೆ ದಾರಿ ಇದ್ದರೆ ಮೊದಲು ಅಲ್ಲಿಗೆ ಹೋಗಿ ಎನ್ನುತ್ತದೆ. ಇದು ಕೋರ್ಟು ತಾನೇ ಹಾಕಿಕೊಂಡ ಶಿಸ್ತು, ಸಂವಿಧಾನ ಹಾಕಿದ ತಡೆಯಲ್ಲ. ಹಾಗಾಗಿ ವಿನಾಯಿತಿಗಳಿವೆ. ಮೂಲಭೂತ ಹಕ್ಕಿನ ಜಾರಿ ಬೇಕಿದ್ದರೆ, ನಿಮ್ಮ ಮಾತನ್ನೇ ಕೇಳದೆ ಆದೇಶ ಮಾಡಿದ್ದರೆ, ಆದೇಶ ಮಾಡಿದವರಿಗೆ ಆ ಅಧಿಕಾರವೇ ಇಲ್ಲದಿದ್ದರೆ, ಕಾನೂನಿನ ಸಿಂಧುತ್ವವನ್ನೇ ಪ್ರಶ್ನಿಸುತ್ತಿದ್ದರೆ ನೇರ ಬರಬಹುದು ಎಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ನಿಮ್ಮ ಪ್ರಕರಣ ಈ ನಾಲ್ಕರಲ್ಲಿ ಯಾವುದಕ್ಕೆ ಕೂರುತ್ತದೆ ಎಂದು ವಕೀಲರನ್ನು ಕೇಳಿ. ‘ಹಾಕಿ ನೋಡೋಣ’ ಎಂಬ ಉತ್ತರ ಬಂದರೆ ಇನ್ನೊಬ್ಬ ವಕೀಲರನ್ನೂ ಕೇಳುವುದು ಒಳ್ಳೆಯದು.

ಎರಡು, ವಿವಾದಿತ ಸಂಗತಿಗಳನ್ನು ಅದು ಸಾಮಾನ್ಯವಾಗಿ ತೀರ್ಮಾನಿಸುವುದಿಲ್ಲ. ರಿಟ್ ನಡೆಯುವುದು ಪ್ರಮಾಣಪತ್ರಗಳ ಮೇಲೆ. ‘ನಮ್ಮ ಅಜ್ಜನ ಕಾಲದಿಂದ ಸಾಗು ಮಾಡುತ್ತಿದ್ದೇವೆ’ ಎಂದು ನೀವು, ‘ಹತ್ತು ವರ್ಷದ ಹಿಂದೆ ಬೇಲಿ ಹಾಕಿದ್ದಾರೆ’ ಎಂದು ಇಲಾಖೆ ಬರೆದರೆ, ಯಾರದ್ದು ಸುಳ್ಳು ಎಂದು ಅಲ್ಲಿ ನೋಡುವುದಿಲ್ಲ.

ಮೂರು, ತೀರ್ಮಾನ ಸರಿಯೇ ಎಂಬುದಕ್ಕಿಂತ ತೀರ್ಮಾನ ಮಾಡಿದ ಬಗೆ ಸರಿಯೇ ಎಂದು ನೋಡುತ್ತದೆ. ನೋಟಿಸ್ ಕೊಟ್ಟರೇ, ಕಾರಣ ಬರೆದರೇ, ಕಾನೂನು ಕೊಟ್ಟ ಅಧಿಕಾರದೊಳಗೆ ಇದ್ದರೇ? ತಪ್ಪು ಕಂಡರೆ ಆದೇಶ ರದ್ದು ಮಾಡಿ, ‘ಅರ್ಜಿದಾರರ ಮಾತು ಕೇಳಿ ಹೊಸದಾಗಿ ತೀರ್ಮಾನಿಸಿ’ ಎಂದು ಅದೇ ಅಧಿಕಾರಿಗೆ ವಾಪಸ್ ಕಳಿಸುವುದೇ ಹೆಚ್ಚು. ಊರಿನಲ್ಲಿ ಪಟಾಕಿ ಹೊಡೆಯುವ ಗೆಲುವು ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಅದು ಕಡಿಮೆಯೇನಲ್ಲ. ಎರಡನೇ ಸಲ ಆದೇಶ ಬರೆಯುವವರು ಎಚ್ಚರದಿಂದ ಬರೆಯುತ್ತಾರೆ. ಆದರೆ ಅದನ್ನೇ ಹಕ್ಕುಪತ್ರ ಎಂದುಕೊಂಡರೆ ಕಷ್ಟ.

ರಿಟ್ ನಿಜಕ್ಕೂ ಹೊಳೆಯುವುದು ಅಧಿಕಾರಿ ಸುಮ್ಮನೆ ಕೂತಾಗ. ಕೆಲಸ ಮಾಡಿ ಎಂದು ಆಜ್ಞಾಪಿಸುವ ಮ್ಯಾಂಡಮಸ್‌ಗೆ ಮೂರು ಕಾಗದ ಬೇಕು: ಮೂಲ ಅರ್ಜಿಯ ಸ್ವೀಕೃತಿ, ನೀವು ಆಮೇಲೆ ಕೊಟ್ಟ ಲಿಖಿತ ಮನವಿ, ಅದಕ್ಕೆ ಬಂದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಅಥವಾ ಉತ್ತರ ಬಾರದ್ದಕ್ಕೆ ಪುರಾವೆ. ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಮನವಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿ, ಇಲ್ಲವೇ ಸ್ವೀಕೃತಿ ಬರುವಂತೆ ರಿಜಿಸ್ಟರ್ ಮಾಡಿ.

ರಿಟ್‌ಗೆ ಇಷ್ಟೇ ದಿನ ಎಂಬ ಗಡುವಿಲ್ಲ, ಆದರೆ ವಿವರಿಸಲಾಗದ ತಡ ಇದ್ದರೆ ಆ ಒಂದೇ ಕಾರಣಕ್ಕೆ ವಜಾ ಆಗಬಹುದು. ಏಕಸದಸ್ಯ ಪೀಠದಲ್ಲಿ ಸೋತರೆ ವಿಭಾಗೀಯ ಪೀಠಕ್ಕೆ ರಿಟ್ ಅಪೀಲು, 30 ದಿನದೊಳಗೆ. ಸಿವಿಲ್ ಕೋರ್ಟಿನ ಆದೇಶದ ಮೇಲೆ 226ರಲ್ಲಿ ಹೋಗುವಂತಿಲ್ಲ, 227ನೇ ವಿಧಿಯ ಮೇಲ್ವಿಚಾರಣೆಯ ದಾರಿಯಲ್ಲಿ ಹೋಗಬೇಕು. ಅಲ್ಲಿ ಮಧ್ಯಪ್ರವೇಶ ಇನ್ನೂ ಅಪರೂಪ.

ಹಸಿರು ನ್ಯಾಯಮಂಡಳಿ: ಪಟ್ಟಿ ನೋಡಿ ಹೋಗಿ

ಪರಿಸರದ ವಿಷಯ ಎಂದ ಕೂಡಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಹೆಸರು ಬರುತ್ತದೆ. ದಕ್ಷಿಣ ವಲಯದ ಪೀಠ ಚೆನ್ನೈಯಲ್ಲಿದೆ. 2010ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಏಳು ಕಾನೂನುಗಳ ಜಾರಿಯ ಪ್ರಶ್ನೆಗಳಷ್ಟೇ ಅದರ ಬೇಲಿಯೊಳಗೆ: ನೀರು, ನೀರಿನ ಸೆಸ್, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಸಾರ್ವಜನಿಕ ಹೊಣೆ ವಿಮೆ, ಜೀವವೈವಿಧ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪಟ್ಟಿಯಲ್ಲಿಲ್ಲ. ನಮ್ಮ ರಾಜ್ಯದ 1963ರ ಅರಣ್ಯ ಕಾಯ್ದೆಯೂ 1976ರ ಮರಗಳ ಸಂರಕ್ಷಣಾ ಕಾಯ್ದೆಯೂ ಇಲ್ಲ. ಆನೆ ತುಳಿದ ಗದ್ದೆಯ ಪರಿಹಾರಕ್ಕೆ ಚೆನ್ನೈಗೆ ಹೋದರೆ ಬರಿಗೈ. ತೋಡಿಗೆ ಬಿಟ್ಟ ಪಲ್ಪಿಂಗ್ ನೀರಿಗೆ, ಅರಣ್ಯವನ್ನು ಅನುಮತಿ ಇಲ್ಲದೆ ಬೇರೆ ಬಳಕೆಗೆ ತಿರುಗಿಸಿದ್ದಕ್ಕೆ, ಪರಿಸರ ಅನುಮತಿ ಇಲ್ಲದ ಕಾಮಗಾರಿಗೆ ಅದು ಸರಿಯಾದ ಬಾಗಿಲು.

ಗಡುವು ಬಿಗಿ. ವಿವಾದದ ಅರ್ಜಿಗೆ ಕಲಂ 14ರಲ್ಲಿ 6 ತಿಂಗಳು, ಅದೂ ಕಾರಣ ಮೊದಲು ಹುಟ್ಟಿದ ದಿನದಿಂದ. ಸಾಕಷ್ಟು ಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಇಲ್ಲ. ಪರಿಹಾರ ಮತ್ತು ಪರಿಸರದ ಪುನಃಸ್ಥಾಪನೆಗೆ ಕಲಂ 15ರಲ್ಲಿ 5 ವರ್ಷ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಕೇಳಿದರೆ ಕೇಳಿದ ಮೊತ್ತದ ಶೇ. 1, ಕನಿಷ್ಠ 1,000. ಹೋಗುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು, ದಿನಾಂಕ ಕಾಣುವ ಫೋಟೋ ತೆಗೆದಿಟ್ಟುಕೊಳ್ಳಿ. ನೀರಿನ ಮಾದರಿಯನ್ನು ನೀವೇ ಬಾಟಲಿಯಲ್ಲಿ ತುಂಬಿ ಪರೀಕ್ಷಿಸಿದ ವರದಿಗೆ ತೂಕ ಕಡಿಮೆ, ಮಂಡಳಿಯವರು ಬಂದು ತೆಗೆದ ಮಾದರಿಗೆ ಹೆಚ್ಚು. ಕಾಫಿ ಪಲ್ಪಿಂಗ್ ನಡೆಯುವುದು ವರ್ಷದಲ್ಲಿ ಕೆಲವೇ ವಾರ. ದೂರು ಆ ವಾರಗಳಲ್ಲೇ ಕೊಡದಿದ್ದರೆ ಪರಿಶೀಲನೆಗೆ ಬಂದವರಿಗೆ ತಿಳಿನೀರು ಕಾಣುತ್ತದೆ.

ನ್ಯಾಯಮಂಡಳಿಯ ಆದೇಶದ ಮೇಲೆ 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇದೆ. ಹಾಗೆಂದು ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ. ನ್ಯಾಯಮಂಡಳಿಗಳೆಲ್ಲ ಹೈಕೋರ್ಟಿನ ವಿಮರ್ಶೆಗೆ ಒಳಪಟ್ಟಿವೆ ಎಂದು 1997ರ ಎಲ್. ಚಂದ್ರಕುಮಾರ್ ತೀರ್ಪು ಹೇಳಿದೆ.

ಲೋಕಾಯುಕ್ತ ಮತ್ತು ಸಣ್ಣ ಬಾಗಿಲುಗಳು

ಲೋಕಾಯುಕ್ತದಲ್ಲಿ ಎರಡು ಕೋಣೆ, ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಲಂಚ ಕೇಳಿದ್ದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು, ಕೊಡುವ ಮುಂಚೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ನಡುವೆ 2016ರಿಂದ ಈ ಕೆಲಸ ಎಸಿಬಿಯ (ಭ್ರಷ್ಟಾಚಾರ ನಿಗ್ರಹ ದಳದ) ಕೈಯಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿ ರಚನೆಯನ್ನೇ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಇನ್ನೊಂದು, ಆಡಳಿತದ ಅನ್ಯಾಯದ ದೂರು. ನಿಗದಿತ ನಮೂನೆ, ಜೊತೆಗೆ ಪ್ರಮಾಣಪತ್ರ. ಕುಂದುಕೊರತೆಗೆ ವಿಷಯ ತಿಳಿದ 6 ತಿಂಗಳೊಳಗೆ, ಆಪಾದನೆಗೆ 5 ವರ್ಷದೊಳಗೆ. ಆದರೆ ಲೋಕಾಯುಕ್ತರು ಖಾತೆ ಬದಲಾಯಿಸುವುದಿಲ್ಲ, ಆದೇಶ ರದ್ದು ಮಾಡುವುದಿಲ್ಲ. ತನಿಖೆ ಮಾಡಿ ಶಿಫಾರಸು ಕಳಿಸುತ್ತಾರೆ. ಮೇಲ್ಮನವಿಯ ದಾರಿ ಇರುವ ಕುಂದುಕೊರತೆಯನ್ನು ಸಾಮಾನ್ಯವಾಗಿ ಮುಟ್ಟುವುದೂ ಇಲ್ಲ. ಅಧಿಕಾರಿಗೆ ಬಿಸಿ ಮುಟ್ಟಿಸುವುದಷ್ಟೇ ಗುರಿಯಾಗಿದ್ದರೆ ಇದು ಸರಿ, ಜಾಗ ಉಳಿಸಿಕೊಳ್ಳುವುದು ಗುರಿಯಾಗಿದ್ದರೆ ಇದನ್ನು ನಂಬಿ ಮೇಲ್ಮನವಿಯ 60 ದಿನ ಕಳೆದುಕೊಳ್ಳಬೇಡಿ.

ವಿಳಂಬಕ್ಕೆ ಮೊದಲ ಮದ್ದು ಸಕಾಲ, ಅಂದರೆ ಸರ್ಕಾರಿ ಸೇವೆಗೆ ದಿನದ ಮಿತಿ ಹಾಕುವ ಕಾನೂನು. ಅರ್ಜಿ ಸಕಾಲದ ಪಟ್ಟಿಯಲ್ಲಿರುವ ಸೇವೆಯದ್ದಾದರೆ 15 ಅಂಕಿಯ ಸಂಖ್ಯೆ ಪಡೆದುಕೊಳ್ಳಿ. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಆ ಹಣಕ್ಕಿಂತ ದಾಖಲೆ ಮುಖ್ಯ, ನಾಳೆ ಮ್ಯಾಂಡಮಸ್‌ಗೆ ಅದೇ ಸಾಕ್ಷಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಕಡತದ ಟಿಪ್ಪಣಿ ಹಾಳೆಗಳ ನಕಲನ್ನೇ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಏಕೆ ಮಾಡಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ‘ಕಡತ ಈಗ ಯಾರ ಬಳಿ, ಯಾವ ದಿನಾಂಕದಿಂದ ಇದೆ, ದಾಖಲೆಯ ನಕಲು ಕೊಡಿ’ ಎಂದು ಕೇಳಿ.

ಹಾಡಿಗಳ (ಬುಡಕಟ್ಟು ವಸತಿಗಳ) ಜೇನುಕುರುಬ, ಯರವ ಕುಟುಂಬಗಳಿಗೆ ಬಾಗಿಲೇ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕ್ಲೇಮು ಶುರುವಾಗುವುದು ಗ್ರಾಮಸಭೆಯಲ್ಲಿ. ಅಲ್ಲಿಂದ ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಪ್ರತಿ ಹಂತದ ಮೇಲ್ಮನವಿಗೂ 60 ದಿನ. ಹಿರಿಯರ ಲಿಖಿತ ಹೇಳಿಕೆಯೂ ಅಲ್ಲಿ ಸಾಕ್ಷಿ. ಪರಿಶೀಲನೆ ಮುಗಿಯುವವರೆಗೆ ತೆರವು ಮಾಡುವಂತಿಲ್ಲ ಎಂಬ ಕಲಂ 4(5) ಮುರಿದಾಗ ಮಾತ್ರ ಹೈಕೋರ್ಟಿಗೆ ನೇರ ಓಡುವುದು ಸರಿ.

ಬೇಲಿ ಯಾಕಿದೆ ಎಂದರೆ

‘ಆನೆ ದಾಳಿಯ ಪರಿಹಾರ ದುಪ್ಪಟ್ಟು ಮಾಡಿಸಿ’ ಎಂದು ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ದಯಾತ್ಮಕ ಧನದ ದರವನ್ನು ಸರ್ಕಾರ ಆದೇಶದ ಮೂಲಕ ನಿಗದಿ ಮಾಡುತ್ತದೆ. ಈ ಆದೇಶದಂತೆ ನನಗೆ ಕೊಡಲಿಲ್ಲ, ಪಕ್ಕದವರಿಗೆ ಕೊಟ್ಟರು ಎಂದರೆ ಕೋರ್ಟು ಕೇಳುತ್ತದೆ. ದರವೇ ಕಡಿಮೆ ಎಂದರೆ, ಅದು ಬಜೆಟ್‌ನ ಮಾತು, ಶಾಸಕರ ಬಳಿ ಹೋಗಿ ಎನ್ನುತ್ತದೆ. ನ್ಯಾಯಾಧೀಶರಿಗೆ ಮತ ಹಾಕಿದವರಿಲ್ಲ, ಅವರನ್ನು ಐದು ವರ್ಷಕ್ಕೊಮ್ಮೆ ಇಳಿಸುವವರೂ ಇಲ್ಲ. ತೆರಿಗೆಯ ಹಣ ಯಾವುದಕ್ಕೆ ಎಷ್ಟು ಎಂಬ ತೀರ್ಮಾನ ಇಳಿಸಬಹುದಾದವರ ಕೈಯಲ್ಲಿರಲಿ ಎಂಬುದು ಲೆಕ್ಕ. ಶಾಸನ ಮಾಡಿ ಎಂದು ವಿಧಾನಸಭೆಗೆ ಆಜ್ಞಾಪಿಸಲೂ ಕೋರ್ಟಿಗೆ ಬಾರದು.

ಆದರೆ ಬೇಲಿ ಕಲ್ಲಿನ ಗೋಡೆಯೂ ಅಲ್ಲ. ತಲಕಾವೇರಿಯಲ್ಲಿ ಹುಟ್ಟುವ ನೀರಿನ ಜಗಳವನ್ನೇ ನೋಡಿ. ಅಂತರರಾಜ್ಯ ನದಿ ವಿವಾದದಲ್ಲಿ ಕೋರ್ಟುಗಳನ್ನು ಹೊರಗಿಡಬಹುದು ಎಂದು 262ನೇ ವಿಧಿ ಹೇಳುತ್ತದೆ, 1956ರ ಕಾಯ್ದೆಯ ಕಲಂ 11 ಹೊರಗಿಟ್ಟೂ ಇದೆ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟ ಮೇಲೆ ರಾಜ್ಯಗಳು ವಿಶೇಷ ಮೇಲ್ಮನವಿ ಹಾಕಿದವು. ಸಂವಿಧಾನವೇ ಕೊಟ್ಟ ಮೇಲ್ಮನವಿಯ ಅಧಿಕಾರವನ್ನು ಸಾಮಾನ್ಯ ಕಾಯ್ದೆ ತೆಗೆಯಲಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿ, 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತು. ನಿಮ್ಮ ಪ್ರಕರಣದಲ್ಲೂ ‘ಈ ವಿಷಯ ಕೋರ್ಟಿಗೆ ಬರುವಂತಿಲ್ಲ’ ಎಂಬ ಕಲಂ ತೋರಿಸಿದರೆ ಅಲ್ಲಿಗೇ ಸುಮ್ಮನಾಗಬೇಡಿ. ಸಾಮಾನ್ಯ ಕಾಯ್ದೆಯ ತಡೆ ಸಿವಿಲ್ ಕೋರ್ಟಿಗೆ ಅಡ್ಡ ಬರುತ್ತದೆ, 226ನೇ ವಿಧಿಗೆ ಬರುವುದಿಲ್ಲ.

ದೇವರಕಾಡಿನ ಒತ್ತುವರಿ, ಊರುಡುವೆಯ (ಊರಿನ ಸಾಮುದಾಯಿಕ ಕಾಡಿನ) ನಾಶದಂಥ ಎಲ್ಲರ ವಿಷಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದೆ. ಕರ್ನಾಟಕ ಹೈಕೋರ್ಟಿಗೆ ಇದಕ್ಕೆಂದೇ 2018ರ ನಿಯಮಗಳಿವೆ. ಒತ್ತುವರಿ ಮಾಡಿದವರೊಂದಿಗೆ ನಿಮ್ಮ ಸ್ವಂತ ಗಡಿ ಜಗಳ ಇದ್ದು ಅದನ್ನು ಮುಚ್ಚಿಟ್ಟರೆ ದಂಡ ಬೀಳುತ್ತದೆ, ಊರಿನ ವಿಷಯವೂ ಹಾಳಾಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿಲ್ಲದವರು ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. 2018ರ ಭೂಕುಸಿತದಂಥ ದುರಂತಕ್ಕೆ ಸಿಕ್ಕವರೂ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಪಟ್ಟಿಯಲ್ಲಿದ್ದಾರೆ. ಪುನರ್ವಸತಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಕುಟುಂಬಕ್ಕೆ ಸಿವಿಲ್ ದಾವೆ ದಂಡ. ಮನವಿ, ಹಿಂಬರಹ, ಆಮೇಲೆ ಉಚಿತ ವಕೀಲರ ಮೂಲಕ ರಿಟ್.

ನೋಟಿಸ್ ಇಲ್ಲದೆ ತೆರವಿಗೆ ಬಂದರೆ ರಿಟ್. ನೋಟಿಸ್ ಕೊಟ್ಟು, ಉತ್ತರ ಕೇಳಿ, ಕಾರಣ ಬರೆದು ಆದೇಶ ಮಾಡಿದ್ದರೆ ಮೇಲ್ಮನವಿ. ಹಳೆಯ ಸಾಗುವಳಿಯನ್ನು ಸಾಕ್ಷಿಯಿಂದ ಸಾಬೀತು ಮಾಡಬೇಕಿದ್ದರೆ ದಾವೆ. ಅಕ್ರಮ ಸಕ್ರಮಕ್ಕೆ, ಅಂದರೆ ಸರ್ಕಾರಿ ಜಾಗದ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಸಿಕೊಳ್ಳಲು, ಫಾರಂ 57 ಹಾಕಿದವರು ಅರ್ಜಿ ಬಾಕಿ ಇದೆ ಎಂಬ ಕಾರಣಕ್ಕೇ ಜಾಗ ತನ್ನದೆಂದು ಘೋಷಣೆ ಕೇಳಬಾರದು. ಸಕ್ರಮ ಮಾಡಿ ಎಂದು ಅರ್ಜಿ ಹಾಕಿದ್ದೇ ಅದು ಸರ್ಕಾರದ ಜಾಗ ಎಂದು ಒಪ್ಪಿದಂತೆ ಎಂಬ ವಾದ ತಿರುಗಿ ಬರುತ್ತದೆ. ಅವರು ಕೇಳಬೇಕಾದ್ದು, ಅರ್ಜಿ ತೀರ್ಮಾನವಾಗುವವರೆಗೆ ತೆರವು ಬೇಡ ಎಂಬ ನಿರ್ದೇಶನ.

ದುಡ್ಡಿದ್ದರೂ ಎರಡು ಬಾಗಿಲನ್ನು ಒಂದೇ ಕೋರಿಕೆಗೆ ಏಕಕಾಲಕ್ಕೆ ತಟ್ಟಬೇಡಿ. ಒಂದರಲ್ಲಿ ಬಾಕಿ ಇರುವುದನ್ನು ಇನ್ನೊಂದರಲ್ಲಿ ಮುಚ್ಚಿಟ್ಟರೆ, ಸಿಕ್ಕ ಸ್ಟೇ ಕೂಡ ಹೋಗುತ್ತದೆ. ಬೇರೆ ಬೇರೆ ಕೋರಿಕೆಗೆ ಎರಡು ಬಾಗಿಲು ಇರಬಹುದು, ಎರಡರಲ್ಲೂ ಇನ್ನೊಂದರ ಸಂಖ್ಯೆ ಬರೆದಿರಬೇಕು.

ಎದುರಾಳಿಯೇ ಮೊದಲು ಕೋರ್ಟಿಗೆ ಹೋಗುವ ಸುಳಿವಿದ್ದರೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಬೇಡ ಎಂಬ ಅರ್ಜಿ) ಹಾಕಿ. ಅದು 90 ದಿನ ಮಾತ್ರ ಜೀವಂತ, ಆಮೇಲೆ ಹೊಸದು ಹಾಕಬೇಕು, ಎದುರಾಳಿ ಹೋಗಬಹುದಾದ ಪ್ರತಿ ಕೋರ್ಟಿನಲ್ಲೂ ಬೇರೆ ಬೇರೆ. ನೀವೇ ಗೆದ್ದು, ಹೈಕೋರ್ಟ್ ಕೊಟ್ಟ ಗಡುವಿನಲ್ಲಿ ಅಧಿಕಾರಿ ಕೆಲಸ ಮಾಡದಿದ್ದರೆ ಆದೇಶದ ನಕಲನ್ನು ಕಾಗದಕ್ಕೆ ಲಗತ್ತಿಸಿ ಮೊದಲು ಅವರಿಗೆ ಕಳಿಸಿ. ಆಗಲೂ ಆಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ. ಅದಕ್ಕೆ ನ್ಯಾಯಾಂಗ ನಿಂದನೆ ಕಾಯ್ದೆಯ ಕಲಂ 20 ಕೊಡುವುದು ಒಂದೇ ವರ್ಷ, ಉಲ್ಲಂಘನೆಯಾದ ದಿನದಿಂದ. ‘ಮುಂದಿನ ತಿಂಗಳು ಮಾಡಿಕೊಡುತ್ತೇವೆ’ ಎಂಬ ಮಾತು ಕೇಳುತ್ತಾ ಹದಿಮೂರನೇ ತಿಂಗಳಿಗೆ ಹೋದವರಿಗೆ ಆ ಬಾಗಿಲು ಮುಚ್ಚಿರುತ್ತದೆ.